ಕ್ಲಚ್ಚಿನ ಮೇಲೆ ಬಂದ ಅಪವಾದ

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಕೊಡುವವರಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ಸೊಳ್ಳೆ ಮಾಮ. ಪರೀಕ್ಷೆಗೆ ರಕ್ತ ತೆಗೆಯುವುದು ಅವನ ಕೆಲಸ. ಅವನ ಸೂಜಿ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ ಅಂತ ಮಕ್ಕಳ ವಾರ್ಡಿನವರು ಇಟ್ಟ ಹೆಸರು ಅದು. ದೊಡ್ಡ ದೊಡ್ಡ ಡಾಕ್ಟರುಗಳೂ ಕಾರಿಡಾರಿನಲ್ಲಿ ನಿಂತು "ಸೊಳ್ಳೆ ಎಲ್ಲಿ ಹೋದ?" ಅಂತ ಕೂಗುವವರೇ. ಅವನಿಗೂ ಒಳಗೊಳಗೇ ಜಂಬ. ಇರಲಿ ಬಿಡಿ, ಅಷ್ಟು ಜಂಬ ಅವನಿಗೆ ಸಲ್ಲುತ್ತಿತ್ತು.

ಗುಟ್ಟೆಲ್ಲ ಅವನ ಎಡಗೈ ತೋರುಬೆರಳಿನಲ್ಲಿ. ಎದ್ದು ಕಾಣುವ ನರಕ್ಕೆ ಸೂಜಿ ಹಾಕುವುದೇನು ಮಹಾ, ಯಾರು ಬೇಕಾದರೂ ಹಾಕುತ್ತಾರೆ. ದಪ್ಪ ತೋಳು, ಬತ್ತಿದ ತೋಳು, ಔಷಧ ತಿಂದು ತಿಂದು ನರವೆಲ್ಲ ಒಳಕ್ಕೆ ಸರಿದ ತೋಳು, ಇಂಥವುಗಳ ಮೇಲೆ ಅವನು ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದ. ಎಲ್ಲೋ ಒಂದು ಕಡೆ ಚರ್ಮದಡಿ ಮೆತ್ತಗೆ ಪುಟಿದದ್ದು ಬೆರಳಿಗೆ ಸಿಗುತ್ತಿತ್ತು. ಅಲ್ಲಿಗೇ ಬಲಗೈಯ ಸೂಜಿ. ಮುಗಿಯಿತು, ಹತ್ತಿ ಒತ್ತಿಕೊಳ್ಳಿ.

ಅದೇ ಎಡಗೈ ದಿನಾ ಬೆಳಿಗ್ಗೆ ಸಂಜೆ ಬೈಕಿನ ಕ್ಲಚ್ಚನ್ನೂ ಹಿಡಿಯುತ್ತಿತ್ತು. ಹಳದಿ ಬಣ್ಣದ ವಿ-ಟ್ವಿನ್ ಸ್ಪೋರ್ಟ್ಸ್ ಬೈಕು. ಹೆಂಡತಿಗಿಂತ ಮುಂಚೆ ಮನೆಗೆ ಬಂದದ್ದು. ಎರಡು ಬೆರಳು ಅಗಲಿಸಿ ಹಿಡಿದ ಹಾಗೆ ಎರಡು ಸಿಲಿಂಡರು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಇಂಥ ಗಾಡಿಯ ಮೇಲೆ ಒಂದು ಸಂಜೆ ಸುತ್ತಿ ಬರುವುದು ಬೇರೆ, ವರ್ಷಗಟ್ಟಲೆ ಅದರ ಜೊತೆ ಸಂಸಾರ ಮಾಡುವುದು ಬೇರೆ. ಸಿಗ್ನಲ್ಲಿನಲ್ಲಿ ನಿಂತರೆ ಹಿಂದಿನ ಸಿಲಿಂಡರು ತೊಡೆ ಬೇಯಿಸುತ್ತದೆ. ನಿಧಾನಕ್ಕೆ ಹೋದರೆ ಚೈನು ಕುಕ್ಕುತ್ತದೆ. ಹ್ಯಾಂಡಲ್ಲು ತೀರಾ ತಗ್ಗಿನಲ್ಲಿರುವುದರಿಂದ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಕ್ಲಚ್ಚಂತೂ ಕೊಡ ಸೇದಿದಷ್ಟು ಭಾರ. ಏನೋ ಒಂದು ಸಣ್ಣ ತೊಂದರೆ ಅಂದರೂ ಮೆಕ್ಯಾನಿಕ್ಕು ಟ್ಯಾಂಕು ಇಳಿಸಿ, ಅರ್ಧ ಗಾಡಿ ಬಿಚ್ಚಿ ಹರಡಿ, ಆಮೇಲೆ ತಲೆ ಕೆರೆದುಕೊಳ್ಳುತ್ತಾನೆ. ಹೆಂಡತಿ ಅದಕ್ಕೆ ದೊರೆಸಾನಿ ಅಂತ ಹೆಸರಿಟ್ಟಿದ್ದಳು. "ಏನ್ರೀ, ಬಸ್ಸಿಗೆ ಹೊರಟಿದ್ದೀರಿ? ದೊರೆಸಾನಿಗೆ ಮೈಯಲ್ಲಿ ಹುಷಾರಿಲ್ವಾ?"

ಆದರೆ ಊರು ದಾಟಿ ಖಾಲಿ ರಸ್ತೆ ಸಿಕ್ಕಿ ಆಕ್ಸಿಲರೇಟರ್ ತಿರುಗಿಸಿದರೆ ಆ ಎರಡು ಸಿಲಿಂಡರಿನ ಸದ್ದು ಕಿವಿಗೆ ಕೇಳುವ ಮೊದಲು ಎದೆಗೆ ಕೇಳುತ್ತಿತ್ತು. ಆಗ ಬೆಂದ ತೊಡೆಯೂ ಮರೆತುಹೋಗುತ್ತಿತ್ತು, ದೊರೆಸಾನಿಯ ನಖರಾನೂ ಮರೆತುಹೋಗುತ್ತಿತ್ತು. ಅವನಿಗೆ ಅದರ ಮೇಲೆ ಪ್ರಾಣ.

ಇಂಥದೇ ಗಾಡಿ ಇಟ್ಟುಕೊಂಡವರು ಊರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಜನ. ಭಾನುವಾರ ಬೆಳಿಗ್ಗೆ ಬೇಕರಿಯವನ ಅಂಗಡಿ ಮುಂದೆ ಸೇರುತ್ತಿದ್ದರು. ಬೇಕರಿಯವನದೂ ಅದೇ ಗಾಡಿ, ಬಣ್ಣ ಮಾತ್ರ ಕಪ್ಪು. ಸೇರಿ ಮಾತಾಡುತ್ತಿದ್ದದ್ದು ಏನು ಅಂತೀರಿ? ವೇಗದ ಮಾತಲ್ಲ, ಬರೀ ನೋವಿನ ಮಾತು. ಯಾರ ಸೊಂಟ ಎಷ್ಟು ಹಿಡಿದಿದೆ, ಯಾರ ತೊಡೆ ಎಷ್ಟು ಸುಟ್ಟಿದೆ ಅಂತ ಪಂದ್ಯಕ್ಕೆ ಬಿದ್ದವರ ಹಾಗೆ ಹೇಳಿಕೊಳ್ಳುವುದು. ಕೊನೆಗೆ ಎಲ್ಲರೂ ಸೇರಿ "ಅದರ ಗುಣಾನೇ ಹಾಗೆ" ಅಂತ ತೀರ್ಪು ಕೊಟ್ಟು ಟೀ ಕುಡಿಯುವುದು.

ಆದ್ದರಿಂದ ಎಡಗೈ ಬೆರಳುಗಳಿಗೆ ಜೋಮು ಹಿಡಿಯಲು ಶುರುವಾದಾಗ ಅವನು ಡಾಕ್ಟರಿಗೆ ಹೇಳಲಿಲ್ಲ. ಡಾಕ್ಟರುಗಳ ಮಧ್ಯೆಯೇ ದಿನವಿಡೀ ಓಡಾಡುತ್ತಿದ್ದವನು ಹೋಗಿ ಹೇಳಿದ್ದು ಬೇಕರಿ ಮುಂದೆ!

"ಎಷ್ಟು ಬೆರಳು?" ಅಂದ ಬೇಕರಿಯವನು.

"ಎರಡು."

"ಎರಡೇನಾ? ನನಗೆ ಮೊಣಕೈ ತನಕ ಬರುತ್ತೆ. ಈಗ ನೀನು ಅಸಲಿ ಓನರ್ ಆದೆ ಬಿಡು," ಅಂತ ಬೇಕರಿಯವನು ಅವನ ಬೆನ್ನು ತಟ್ಟಿದ. ಎಲ್ಲರೂ ನಕ್ಕರು. ಅವನೂ ನಕ್ಕ.

ಮೊದಮೊದಲು ಆಸ್ಪತ್ರೆಗೆ ಬಂದು ಕೈ ತೊಳೆದರೆ ಜೋಮು ಬಿಡುತ್ತಿತ್ತು. ಆಮೇಲೆ ಮಧ್ಯಾಹ್ನದ ತನಕ ಇರತೊಡಗಿತು. ದಪ್ಪ ಗ್ಲೌಸು ಕೊಂಡ, ಹ್ಯಾಂಡಲ್ಲಿಗೆ ಮೆತ್ತನೆಯ ಹಿಡಿ ಹಾಕಿಸಿದ, ಕ್ಲಚ್ ಕೇಬಲ್ಲು ಬದಲಿಸಿದ. ಒಂದು ದಿನ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಹೊಗಳಿಯೂ ಬಂದ: "ಏನು ಕೈಗುಣ ನಿಂದು! ಗಾಡಿ ನಡುಗೋದೇ ನಿಂತುಹೋಗಿದೆ. ಬೆಣ್ಣೆ, ಬೆಣ್ಣೆ."

ಮೆಕ್ಯಾನಿಕ್ಕು ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲ್ಲು ಹಿಡಿದು ನೋಡಿದ. "ಮೊದಲು ಹೆಂಗಿತ್ತೋ ಹಂಗೇ ಇದೆಯಲ್ಲಣ್ಣಾ. ನಾನು ಆಯಿಲ್ ಬಿಟ್ಟು ಇನ್ನೇನೂ ಮುಟ್ಟಿಲ್ಲ."

ಅವನ ವಿನಯಕ್ಕೆ ಇವನು ಇನ್ನಷ್ಟು ಮೆಚ್ಚಿಕೊಂಡು ಮನೆಗೆ ಬಂದ. ದಡ್ಡ ಅಂದರೆ ದಡ್ಡ.

ಅವನಿಗೊಬ್ಬಳು ಅಕ್ಕ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು, ಕಾಯಿಲೆ ಬಿದ್ದಮೇಲೆ ಕೆಲಸ ಬಿಟ್ಟು ವಾರಕ್ಕೊಮ್ಮೆ ತಮ್ಮನ ಆಸ್ಪತ್ರೆಗೇ ಚಿಕಿತ್ಸೆಗೆ ಬರುತ್ತಿದ್ದಳು. ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ ಆಗಬೇಕು, ಅದು ಸರಿಯಿದ್ದರೆ ಮಾತ್ರ ಔಷಧ. ಆ ಔಷಧವೇ ಅವಳ ನರಗಳನ್ನೆಲ್ಲ ಒಳಕ್ಕೆ ಎಳೆದುಬಿಟ್ಟಿತ್ತು. ತೋಳು ನೋಡಿದರೆ ಖಾಲಿ ಕಾಗದ. ಹಾಗಾಗಿ ಅವಳು ಬೇರೆ ಯಾರಿಗೂ ಕೈ ಕೊಡುತ್ತಿರಲಿಲ್ಲ. "ನನ್ನ ತಮ್ಮ ಬರೋ ತನಕ ನಾನು ಇಲ್ಲೇ ಕೂತಿರ್ತೀನಿ, ನಿಮಗೇನಾದ್ರೂ ಬಾಡಿಗೆ ಕೊಡಬೇಕಾ?" ಅಂತ ನರ್ಸುಗಳನ್ನು ಸುಮ್ಮನಾಗಿಸುತ್ತಿದ್ದಳು.

ಆ ದಿನ ಅವನು ಅಕ್ಕನ ತೋಳಿಗೆ ಪಟ್ಟಿ ಬಿಗಿದು ಕಣ್ಣು ಮುಚ್ಚಿ ಬೆರಳಾಡಿಸಿದ. ಏನೂ ಸಿಗಲಿಲ್ಲ. ಅಂದಾಜಿನ ಮೇಲೆ ಚುಚ್ಚಿದ. ಇಲ್ಲ. ಇನ್ನೊಂದು ತೋಳು. ಇಲ್ಲ. ಎರಡು ಸಲ ಸಿಗದಿದ್ದರೆ ಬೇರೆಯವರನ್ನು ಕರೆಯಬೇಕು ಅನ್ನುವುದು ಅಲ್ಲಿನ ನಿಯಮ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೂ ಅವನೇ. ಆದರೂ ಮಣಿಕಟ್ಟಿನ ಹತ್ತಿರ ಮೂರನೇ ಸಲ ಚುಚ್ಚಿದ. ಸೂಜಿ ಎಲ್ಲಿಗೆ ತಗಲಿತೋ, ಅಕ್ಕನ ಬೆರಳುಗಳೆಲ್ಲ ಒಮ್ಮೆಲೇ ಸೆಟೆದುಕೊಂಡವು. ನೋಡನೋಡುತ್ತ ಅಲ್ಲಿ ನೀಲಿ ಊತ ಎದ್ದಿತು.

"ನೋವಾಯ್ತಾ ಅಕ್ಕಾ?"

"ನಿನ್ನ ತಲೆ. ನಿನ್ನ ಕೈಲಿ ನೋವು ಬೇರೆ ಆಗುತ್ತಾ?" ಅಂದಳು ಅಕ್ಕ. ಅವಳ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಕೊನೆಗೆ ಅರಿವಳಿಕೆ ಡಾಕ್ಟರು ಬಂದು ಕಾಲಿನಿಂದ ರಕ್ತ ತೆಗೆದರು.

ಅವನಿಗೆ ಅವಮಾನಕ್ಕಿಂತ ಸಿಟ್ಟು ಬಂತು. ಸಿಟ್ಟು ತೋರಿಸಲು ಯಾರಾದರೂ ಬೇಕಲ್ಲ, ದೊರೆಸಾನಿ ಸಿಕ್ಕಿದಳು. ಸಂಜೆ ಗಾಡಿ ನಿಲ್ಲಿಸುವ ಜಾಗಕ್ಕೆ ಹೋಗಿ ಅದರ ಟ್ಯಾಂಕಿಗೆ ಅಂಗೈಯಿಂದ ಬಡಿದ. "ನನ್ನ ಬೆರಳು ತಿಂದೆ, ಅಕ್ಕನ ಕೈಯನ್ನೂ ತಿಂದೆ!" ಅಂತ ಬಾಯಿಬಿಟ್ಟು ಬೈದ. ಪಕ್ಕದಲ್ಲಿ ಸ್ಕೂಟರು ತೆಗೆಯುತ್ತಿದ್ದ ಯಾರೋ ಹೆದರಿ ಸರಿದು ನಿಂತರು.

ಬೇಕರಿಯವನ ಗಾಡಿಯ ಎಂಜಿನ್ನು ಒಡೆದು ಮೂಲೆಗೆ ಬಿದ್ದಿತ್ತು. ಕಂಪನಿಯವರು ಆ ಮಾದರಿಯ ಬಿಡಿಭಾಗ ಕಳಿಸುವುದನ್ನೇ ನಿಲ್ಲಿಸಿದ್ದರು. ಹೀಗಾಗಿ ಹಳದಿ ಗಾಡಿಯ ಮೇಲೆ ಅವನಿಗೆ ಮೊದಲಿಂದ ಕಣ್ಣಿತ್ತು. ಸೊಳ್ಳೆ ಮಾಮ ಹೋಗಿ "ತಗೊಂಡುಬಿಡು" ಅಂದಾಗ ಅವನೇ ಹಿಂಜರಿದ.

"ನೋಡಪ್ಪಾ, ನಾನು ಇದನ್ನ ಓಡಿಸಲ್ಲ, ಬಿಚ್ಚಿಹಾಕ್ತೀನಿ. ಆಮೇಲೆ ನೀನು ವಾಪಸ್ ಕೇಳಂಗಿಲ್ಲ."

"ಬಿಚ್ಚು. ತುಂಡು ತುಂಡು ಮಾಡು. ನನ್ನ ಕಣ್ಣಿಗೆ ಬೀಳಬಾರದು."

ಹೆಂಡತಿಗೆ ಖುಷಿಯಾಗಬೇಕಿತ್ತು. ಗಾಡಿ ಹೋದ ಸಂಜೆ ಖಾಲಿ ಜಾಗದ ಎಣ್ಣೆ ಕಲೆಯನ್ನು ಸೋಪುಪುಡಿ ಹಾಕಿ ಉಜ್ಜಿದಳು, ಆಮೇಲೆ ಒಳಗೆ ಬಂದು ಅಳುಮೋರೆ ಮಾಡಿಕೊಂಡು ಕೂತಳು. "ಹಾಳಾದ್ದು, ಅಭ್ಯಾಸ ಆಗಿಬಿಟ್ಟಿತ್ತು," ಅಂದಳು. ಆದರೂ ಇಬ್ಬರಿಗೂ ಒಂದು ಸಮಾಧಾನವಿತ್ತು, ಕೈ ಉಳಿಯುತ್ತದೆ. ದೊಡ್ಡದನ್ನೇ ಕೊಟ್ಟಿದ್ದೇವೆ, ಇನ್ನು ಬೆರಳು ಬರಲೇಬೇಕು.

ಅವನು ಬಸ್ಸಿನಲ್ಲಿ ಓಡಾಡತೊಡಗಿದ. ಬೆಳಿಗ್ಗೆ ಎದ್ದವನೇ ಟವೆಲ್ಲಿನ ಮೇಲೆ ಬೆರಳು ಉಜ್ಜಿ ನೋಡುವುದು. ಟವೆಲ್ಲೋ ಗೋಡೆಯೋ ಒಂದೂ ತಿಳಿಯುತ್ತಿರಲಿಲ್ಲ. ಗಾಡಿಯ ವಿಷ ಇಳಿಯಲು ಸಮಯ ಬೇಕು ಅಂತ ಹೆಂಡತಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಒಂದು ಸಲ ಎಣ್ಣೆ ತೀರಾ ಸುಡುತ್ತಿತ್ತು, ಅವಳು ಬೆರಳಿಟ್ಟವಳೇ "ಅಯ್ಯೋ!" ಅಂತ ಕಿತ್ತುಕೊಂಡಳು. ಅವನ ಕೈ ಬಟ್ಟಲಲ್ಲೇ ಇತ್ತು. ಅವಳು ಅವನ ಮುಖ ನೋಡಿದಳು. ಮಾರನೆಯ ದಿನವೇ ನರರೋಗದ ಡಾಕ್ಟರ ಮುಂದೆ ಕೂರಿಸಿದಳು.

ಅವನು ಶುರುವಿನಿಂದ ಕ್ಲಚ್ಚಿನ ಕಥೆ ಹೇಳಿದ. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿಸಿಕೊಂಡು, "ಸಾಕ್ಸ್ ತೆಗೀರಿ," ಅಂದರು.

"ಕೈ ತೊಂದರೆ ಡಾಕ್ಟ್ರೇ, ಕಾಲಲ್ಲ."

"ತೆಗೀರಿ."

ಕವಲೊಡೆದ ಸಣ್ಣದೊಂದು ಲೋಹದ ಕಡ್ಡಿಯನ್ನು ತಟ್ಟಿ ಅವನ ಕಾಲಿನ ಹೆಬ್ಬೆರಳ ಮೇಲೆ ಇಟ್ಟರು. "ನಡುಗ್ತಾ ಇದೆಯಾ?" ಇಲ್ಲ. ಪಾದದ ಗಂಟು. ಇಲ್ಲ. ಎಡಗೈ ಬೆರಳು. ಇಲ್ಲ. ಬಲಗೈ ಬೆರಳು. ಅದೂ ಇಲ್ಲ. ಕಡ್ಡಿ ಗುಂಯ್‌ಗುಡುವುದು ಅವನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಡಿ ಬೆಣ್ಣೆಯಾಗಿದೆ ಅಂತ ಮೆಕ್ಯಾನಿಕ್ಕನ್ನು ಹೊಗಳಿ ಬಂದದ್ದು ಅವನಿಗೆ ಆಗ ನೆನಪಾಯಿತು.

"ಬಲಗೈಯಲ್ಲಿ ಕ್ಲಚ್ ಹಿಡೀತೀರಾ?" ಅಂದರು ಡಾಕ್ಟರಮ್ಮ.

ಇಲ್ಲ ಅಂತ ತಲೆಯಾಡಿಸಿದ.

"ಕಾಲಲ್ಲಿ? ನಿಮ್ಮ ಬೈಕಿಗೂ ಇದಕ್ಕೂ ಸಂಬಂಧ ಇಲ್ಲ. ನರಗಳೇ ಸೊರಗ್ತಾ ಇವೆ. ಯಾಕೆ ಅಂತ ಹುಡುಕಬೇಕು. ಇಷ್ಟಕ್ಕೇ ನಿಲ್ಲಿಸೋಕೆ ನೋಡೋಣ. ಹೋಗಿರೋದು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

ಅದರ ಗುಣಾನೇ ಹಾಗೆ ಅಂದುಕೊಂಡಿದ್ದೆ ಅಂತ ಯಾವ ಬಾಯಿಂದ ಹೇಳುವುದು?

ಹೊರಗೆ ಬಂದಮೇಲೆ ಹೆಂಡತಿ ಅವನ ಮುಂಗೈ ಹಿಡಿದು ತಿರುಗಿಸಿ ನೋಡಿದಳು. "ಅವರೇನ್ರೀ ಹಾಗಂತಾರೆ? ನಿಮ್ಮ ನರ ಇಷ್ಟು ಚೆನ್ನಾಗಿ ಎದ್ದು ಕಾಣ್ತಾ ಇದೆ!"

"ಈ ನರ ಅಲ್ಲ ಕಣೇ. ಇದರಲ್ಲಿ ರಕ್ತ ಓಡುತ್ತೆ. ಅವರು ಹೇಳಿದ್ದು ಮುಟ್ಟಿದ್ದು ತಿಳಿಸೋ ನರ."

"ಎರಡಕ್ಕೂ ಒಂದೇ ಹೆಸರು ಯಾಕಿಟ್ಟರು?" ಅಂತ ಅವಳು ರೇಗಿದಳು. ಯಾರ ಮೇಲೆ ರೇಗಿದಳೋ ಪಾಪ. ಬಸ್ಸು ಕಾಣಿಸಿದಾಗ ಮೆಲ್ಲಗೆ ಅಂದಳು: "ಆ ಗಾಡಿ ಇದ್ದಿದ್ದರೆ ಅದನ್ನಾದರೂ ಬೈಯಬಹುದಿತ್ತು."

ಅವನು ಬಸ್ಸು ಹತ್ತುವಾಗಲೇ ಬೇಕರಿಯವನ ಫೋನು ಬಂತು. ಎಂಜಿನ್ ಇಳಿಸಿ ತನ್ನ ಗಾಡಿಗೆ ಕೂರಿಸಿದ್ದನಂತೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತಂತೆ. "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೆಯಪ್ಪಾ! ಚಾಸಿ ಗುಜರಿಗೆ ಹೋಯ್ತು, ಬೇಜಾರಾಗಬೇಡ." ಬೇಜಾರೇನಿಲ್ಲ ಅಂದು ಅವನು ಫೋನಿಟ್ಟ. ಕಿಟಕಿ ಕಡೆ ಮುಖ ಮಾಡಿ ಅತ್ತ. ತಪ್ಪಿಲ್ಲದ್ದಕ್ಕೆ ಅಷ್ಟು ಬೈದು, ಬಡಿದು, ತನ್ನ ಕೈಯಾರೆ ಬಿಚ್ಚಿಸಿಹಾಕಿದ್ದೆನಲ್ಲ ಅಂತ ಅವನಿಗೆ ಮನುಷ್ಯರನ್ನು ಕಳೆದುಕೊಂಡಷ್ಟು ಸಂಕಟವಾಯಿತು.

ಅಕ್ಕನ ಸರದಿ ಬಂದ ದಿನ ಅವನು ಟ್ರೇ ಹಿಡಿದು ಅವಳ ಮುಂದೆ ಕೂತ. ಅಕ್ಕ ತಾನಾಗೇ ತೋಳು ಚಾಚಿ ಕೊಟ್ಟಳು. ನೀಲಿ ಊತ ಹಳದಿಗೆ ತಿರುಗಿತ್ತು.

"ಈಗ ಸರಿ ಹೋಗಿರಬೇಕಲ್ಲ? ಗಾಡಿ ತೊಲಗಿತಂತೆ," ಅಂದಳು.

"ಅಕ್ಕಾ, ಗಾಡಿಯಿಂದ ಅಲ್ಲ. ನನಗೇ ಕಾಯಿಲೆ. ನಿನ್ನ ಕೈ ನನಗೆ ಗೊತ್ತಾಗ್ತಿಲ್ಲ."

"ಸುಮ್ನಿರೋ. ನಿನಗೆ ಹೆದರಿಕೆ, ಅಷ್ಟೇ. ಮೂರು ಸಲ ತಪ್ಪಿತು ಅಂತ ಧೈರ್ಯ ಹೋಗಿದೆ. ಚುಚ್ಚು, ನನಗೇನೂ ಆಗಲ್ಲ."

"ಆಗಲ್ಲ ಅಕ್ಕಾ."

"ಎಲ್ಲಿ, ಕಣ್ಣು ಮುಚ್ಚು. ನಾನು ಮುಟ್ಟಿದ್ದು ಗೊತ್ತಾಗುತ್ತಾ ನೋಡೋಣ," ಅಂದಳು ಅಕ್ಕ, ಚಿಕ್ಕ ಮಗುವಿಗೆ ಹೇಳುವ ಹಾಗೆ. ಅವನು ಮುಚ್ಚಿದ. ಎಡಗೈ ಟ್ರೇಯ ಪಕ್ಕ ಚಾಚಿಟ್ಟ. ಪಕ್ಕದ ಕುರ್ಚಿಯಲ್ಲಿ ಹೊಸದಾಗಿ ಸೇರಿದ ಹುಡುಗಿ ಯಾರದೋ ರಕ್ತ ತೆಗೆದು ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು. ಅಕ್ಕನ ಬಳೆ ಒಮ್ಮೆ ಸದ್ದು ಮಾಡಿತು. ಅವನು ಕಾದ.

"ಮುಟ್ಟು ಅಕ್ಕಾ," ಅಂದ.

ಅವನು ಕಣ್ಣು ತೆರೆದ. ಅಕ್ಕ ಎರಡೂ ಕೈಯಿಂದ ಅವನ ತೋರುಬೆರಳನ್ನು ಅವುಚಿ ಹಿಡಿದಿದ್ದಳು. ಅವಳ ಹೆಬ್ಬೆರಳಿನ ಉಗುರು ಅವನ ಬೆರಳ ತುದಿಯೊಳಕ್ಕೆ ಇಳಿದಿತ್ತು, ಅಲ್ಲಿ ರಕ್ತ ಜಿನುಗುತ್ತಿತ್ತು. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು.

ಅವನು ಎದ್ದು ನಿಂತು, ತನ್ನ ಕುರ್ಚಿಯನ್ನು ಹೊಸ ಹುಡುಗಿಯ ಕಡೆಗೆ ಸರಿಸಿದ. "ಬಾಮ್ಮ, ಇಲ್ಲಿ ಕೂತ್ಕೋ," ಅಂದ. "ಇವರು ನಮ್ಮಕ್ಕ. ಮೆತ್ತಗೆ ತೆಗಿ."