ಸಾವಕಾರ್ರು ಕುಡಿಯದ ನೀರು

ಶಾಂತಕುಮಾರ ಸಾವಕಾರ್ರು ತಮ್ಮ ಬಾಟಲಿ ನೀರಿನ ಫ್ಯಾಕ್ಟರಿಗೆ ಎರಡನೇ ಬೋರು ಕೊರೆಸಬೇಕಿತ್ತು. ತಕರಾರಿಲ್ಲ ಅಂತ ನಮ್ಮ ಓಣಿಯವರ ಸಹಿ ಬೇಕು. ಕಾಗದ ಹಿಡಿದು ಮೊದಲು ನನ್ನ ಮನೆಗೇ ಬಂದರು. ನಾನು ಅವರ ಬಾಟಲಿಗೆ ಚೀಟಿ ಅಂಟಿಸುವಾಕಿ; ಹುಲಗಮ್ಮ ಒಲ್ಲೆ ಅನ್ನುವುದಿಲ್ಲ ಅಂತ ಧೈರ್ಯ.

ಚೀಟಿ ಮೇಲೆ ಹಿಮದ ಬೆಟ್ಟ. ನೀರು ಮಾತ್ರ ಈ ಕುಷ್ಟಗಿ ನೆಲದ್ದು. ಅವರ ಮೊದಲ ಬೋರು ಎಂಟುನೂರು ಅಡಿ ಇಳಿದ ವರ್ಷವೇ ನಮ್ಮ ಕೈಪಂಪು ಬರೀ ಗಾಳಿ ಉಗುಳಿತು. ನಮಗೆ ಉಳಿದದ್ದು ಹಳ್ಳದ ದಂಡೆಯ ಬಾವಿ. ಫ್ಯಾಕ್ಟರಿಯವರು ನೀರು ಶುದ್ಧ ಮಾಡಿ, ಮಿಕ್ಕ ಸವುಳು ನೀರನ್ನು ಬಿಡುವುದೂ ಅದೇ ಹಳ್ಳಕ್ಕೆ. ಛಲೋದು ಲಾರಿ ಹತ್ತಿ ಹೋಗುತ್ತದೆ, ಹೊಲಸು ನಮ್ಮ ಕೊಡಕ್ಕೆ ಬರುತ್ತದೆ. ಒಂಬತ್ತು ವರ್ಷದ ನನ್ನ ಮಗಳು ಗಂಗಾಳ ಹಲ್ಲಿಗೆ ಕಂದು ಗೆರೆ ಬಿದ್ದಿವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. "ನೀರು ಬದಲಿಸ್ರಿ" ಅಂದರು ಡಾಕ್ಟರು. ದಿನಕ್ಕೆ ಎರಡು ಸಾವಿರ ಬಾಟಲಿ ನನ್ನ ಕೈ ದಾಟುತ್ತವೆ. ಒಂದನ್ನು ಮನೆಗೆ ತಂದರೆ ಪಗಾರದಲ್ಲಿ ಹಿಡಿಯುತ್ತಾರೆ.

ಬಂದವರಿಗೆ ನೀರು ಕೊಡದೆ ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ. ತಂಬಿಗಿ ನೀರು, ಬೆಲ್ಲದ ಚೂರು ತಂದಿಟ್ಟೆ.

ಬೆಲ್ಲ ಬಾಯಿಗೆ ಹಾಕಿಕೊಂಡರು. "ನೀರು ಬ್ಯಾಡವ್ವ, ಕಾರಿನ್ಯಾಗ ಬಾಟ್ಲಿ ಐತಿ. ಸಹಿ ಮಾಡು."

"ನೀವು ಬಿಟ್ಟ ನೀರೇ ರೀ ಇದು. ಒಂದು ಗುಟುಕು ಕುಡೀರಿ, ಮಾಡ್ತೀನಿ."

"ಡಾಕ್ಟರು ಹೊರಗಿನ ನೀರು ಬ್ಯಾಡಂದಾರ. ಶುಗರ್ ಐತಿ ನನಗ."

ಪಕ್ಕದ ಮನೆಯ ಸೈದಾನಬಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. "ಬೆಲ್ಲ ನಡೀತೈತಿ, ನೀರು ನಡಿಯಂಗಿಲ್ಲ. ಎಂಥಾ ಶುಗರ್ ರೀ ಸಾವಕಾರ್ರ ಅದು?"

ಅವರ ಮುಖ ಕೆಂಪಾಯಿತು. "ನಾಳಿಂದ ಕೆಲಸಕ್ಕ ಬರಬ್ಯಾಡ" ಅಂದರು, ನನ್ನ ಕಡೆ ನೋಡದೆ.

ಸಹಿ ಮಾಡದೆ ಕಾಗದ ತಿರುಗಿ ಕೊಟ್ಟೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಹೊರಬೀಳುವಷ್ಟರಲ್ಲಿ ಸೈದಾನಬಿ ತನ್ನ ಚೊಂಬು ತುಂಬಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಅದರಾಚೆ ಮನೆಯ ಅಮರಮ್ಮನೂ. ಎರಡೂ ಕಡೆ ಸಾವಕಾರ್ರು ನೀರು ಮುಟ್ಟಲಿಲ್ಲ, ಸಹಿಯೂ ಸಿಗಲಿಲ್ಲ. ನಾಲ್ಕನೆಯ ಮನೆಯಿಂದ ಇಬ್ಬರು ಫ್ಯಾಕ್ಟರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ನೀರು ತರಲಿಲ್ಲ, ಪೆನ್ನು ತಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಒಂದೇ ಸಹಿಯ ಕಾಗದ ಮಡಚಿಕೊಂಡು ಸಾವಕಾರ್ರು ನನ್ನ ಅಂಗಳದ ಮುಂದೆ ನಿಲ್ಲಿಸಿದ್ದ ಕಾರಿಗೆ ಬಂದರು. ಬಾಟಲಿ ತೆಗೆದು, ಬಾಯಲ್ಲಿ ಅಂಟಿದ್ದ ಬೆಲ್ಲ ಹೋಗಲೆಂದು ಮುಕ್ಕಳಿಸಿ ಮುಕ್ಕಳಿಸಿ ಉಗುಳಿದರು. ಅರ್ಧ ಬಾಟಲಿ ನೀರು ಮಣ್ಣಿಗೆ ಹೋಯಿತು.