ಮೂರನೆಯ ಹತ್ತು ಡೀನ್‌ನದು

ಶಿರ್ವದ ಎಲಿಜಬೆತ್ ಬಾಯಿಯ ಮನೆಯಲ್ಲಿ ಇಂಟರ್‌ನೆಟ್ ಕಂಪನಿ ಬದಲಾಯಿಸಿದ್ದು ಕುವೈತ್‌ನಲ್ಲಿದ್ದ ಮಗನ ಹಟಕ್ಕೆ.

"ಅಮ್ಮನ ಮುಖ ಮಸುಕಾಗಿ ಕಾಣ್ತದೆ. ಹೊಸ ಕಂಪನಿಯದ್ದು ಹಾಕಿಸು ಲವೀನಾ, ಕನ್ನಡಿಯ ಹಾಗೆ ಉಂಟಂತೆ" ಎಂದು ಡೀನ್ ಹೆಂಡತಿಯ ಬೆನ್ನು ಹತ್ತಿದ್ದ. ಅದುವರೆಗೆ ಇದ್ದದ್ದು ಕೇಬಲಿನ ಆಂಟನಿಯ ಲೈನು. ಅದು ಅಂಥ ವೇಗದ್ದೇನೂ ಅಲ್ಲ. ಆದರೆ ಆಂಟನಿ ಕರೆದರೆ ಬರುತ್ತಿದ್ದ, ಬೈದರೂ ಬರುತ್ತಿದ್ದ. ಹೊಸ ಕಂಪನಿಯ ಹುಡುಗರು ಬಂದು ಗೋಡೆ ಕೊರೆದ ದಿನ ಅವನೂ ಬಂದ. ಅಂಗಳದ ತೆಂಗಿನ ಮರಕ್ಕೆ ಕಟ್ಟಿದ್ದ ತನ್ನ ವಯರನ್ನು ಬಿಚ್ಚಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಕೊಟ್ಟ ಚಹಾವನ್ನೂ ಕುಡಿಯದೆ ಹೋದ.

ಹೊಸ ಲೈನು ಹಗಲು ಹೊಳೆಯಂತೆ ಹರಿಯುತ್ತಿತ್ತು. ಸಂಜೆ ಇಗರ್ಜಿಯ ಗಂಟೆ ಹೊಡೆಯಿತೆಂದರೆ ನಿಂತುಬಿಡುತ್ತಿತ್ತು. ಆ ಮನೆಗೆ ಬೇಕಾಗಿದ್ದದ್ದು ಆ ಹೊತ್ತಿಗೇ.

ಆ ಹೊತ್ತು ತೇರ್ಸಿನದು. ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಮಂಡಿಯೂರಿ ಜಪಸರ ಹಿಡಿದು ಹೇಳುವ ಪ್ರಾರ್ಥನೆ. ಒಬ್ಬರು ಅರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಹೀಗೆ ಹತ್ತು ಹತ್ತರ ಐದು ಸುತ್ತು. ಮೂರನೆಯ ಹತ್ತನ್ನು ಮೊದಲರ್ಧ ಹೇಳಿ ನಡೆಸುವುದು ಡೀನ್. ಮಾತು ಸರಿಯಾಗಿ ಬಂದಂದಿನಿಂದ ಅದು ಅವನ ಪಾಲು. ಕುವೈತ್‌ಗೆ ಹೋದ ಮೇಲೂ ಅಮ್ಮ ಅದನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ಗೋದಾಮಿನ ಕೆಲಸ ಮುಗಿಸಿ ಕೋಣೆಗೆ ಬಂದವನೇ ಅವನು ಕರೆ ಮಾಡುತ್ತಿದ್ದ. ಲವೀನಾ ಮೊಬೈಲನ್ನು ಪೀಠದ ಮೇಲೆ ಹೂದಾನಿಗೆ ಒರಗಿಸಿ ಇಡುತ್ತಿದ್ದಳು. ಅವನಿಗೆ ಊರೆಂದರೆ ಅಷ್ಟೇ. ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ.

ಈಗ ಅಮ್ಮ ಅವನ ಮಾತಿಗೆ ಕಾದರೆ ಮಾತು ಬರುತ್ತಿರಲಿಲ್ಲ. ಬಿಟ್ಟು ಮುಂದೆ ಹೋದರೆ ನಡುವೆ ಬಂದು ಬೀಳುತ್ತಿತ್ತು. ಒಮ್ಮೊಮ್ಮೆ ಅವನ ಬಾಯಿ ತೆರೆದ ಹಾಗೆಯೇ ಚಿತ್ರ ನಿಂತುಬಿಡುತ್ತಿತ್ತು.

"ಪಪ್ಪ ಆಕಳಿಸ್ತಾ ಇದ್ದಾರೆ!" ಎಂದು ಮಗಳು ರಿಯೋನಾ ನಕ್ಕಳು. ಅಜ್ಜಿ ಕಣ್ಣು ಬಿಟ್ಟು ನೋಡಿದಾಗ ಸುಮ್ಮನಾದಳು.

ಕಂಪನಿಗೆ ಫೋನ್ ಮಾಡಿ ಮಾಡಿ ಕೊನೆಗೆ ಒಬ್ಬ ಬಂದ. ಮಧ್ಯಾಹ್ನದ ಸುಡುಬಿಸಿಲಿಗೆ. ತನ್ನ ಮೊಬೈಲಿನಲ್ಲಿ ವೇಗ ಅಳೆದು ತೋರಿಸಿದ. "ನೋಡಿ ಮೇಡಂ, ಫುಲ್ ಉಂಟು. ಎಂತ ತೊಂದರೆ?"

"ಈಗ ಇರ್ತದೆ. ನೀವು ಸಂಜೆ ಬನ್ನಿ."

"ಸಂಜೆ ಎಲ್ಲರೂ ಒಟ್ಟಿಗೆ ನೋಡ್ತಾರಲ್ವಾ, ಸ್ವಲ್ಪ ಸ್ಲೋ ಆಗ್ತದೆ. ಮತ್ತೆ ಸಂಜೆ ನಮಗೆ ಡ್ಯೂಟಿ ಇಲ್ಲ."

"ನಮಗೆ ಸಂಜೆ ಮಾತ್ರ ಗಂಡ ಇರುವುದು ಮಾರಾಯ್ರೆ" ಎಂದಳು ಲವೀನಾ. ಅವನು ನಗಬೇಕೋ ಬೇಡವೋ ಗೊತ್ತಾಗದೆ ಚಪ್ಪಲಿ ಮೆಟ್ಟಿಕೊಂಡ.

ಎಲಿಜಬೆತ್ ಬಾಯಿಗೆ ತಾಳ್ಮೆ ಮೊದಲೇ ಕಡಿಮೆ. ಅವರ ತೇರ್ಸಿನ ಓಟ ಊರಿಗೇ ಗೊತ್ತು. ಕಾಪುವಿನ ಕೊನೆಯ ಬಸ್ಸು ಹಿಡಿಯುವವರ ಹಾಗೆ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಮಂಡಿ ನೋವಿತ್ತು, ಆಮೇಲೆ ಟಿ.ವಿ.ಯಲ್ಲಿ ಧಾರಾವಾಹಿಯೂ ಇತ್ತು. ಒಂದು ಸಂಜೆ ಅವರು ಜಪಸರವನ್ನು ಮಡಿಲಿಗೆ ಹಾಕಿ ಹೇಳಿಯೇಬಿಟ್ಟರು: "ಡೀನ್, ದೇವರ ಎದುರು ಹೀಗೆ ತಡವರಿಸಬಾರದು ಬಾಬಾ. ನೀನು ಅಲ್ಲೇ ಹೇಳಿಕೋ. ನಾವು ಇಲ್ಲಿ ಹೇಳ್ತೇವೆ. ದೇವರಿಗೆ ಎರಡೂ ಕೇಳ್ತದೆ."

ಮಾತು ಅಲ್ಲಿಗೆ ತಲುಪಲು ಹೊತ್ತು ಹಿಡಿಯಿತು. ಅವನ ಮುಖದ ನಗು ಇನ್ನೂ ಹಾಗೆಯೇ ಇತ್ತು. ಆಮೇಲೆ ಅದು ಹೋದದ್ದನ್ನು ಲವೀನಾ ನೋಡಿದಳು.

"ಆಯ್ತಮ್ಮ" ಎಂದ. "ಆದರೆ ಮೊಬೈಲ್ ಅಲ್ಲೇ ಇರಲಿ. ನಾನು ಸುಮ್ಮನೆ ನೋಡ್ತೇನೆ."

ಮರುದಿನ ಬೆಳಿಗ್ಗೆ ಲವೀನಾ ಆಂಟನಿಯ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕುಳಿತು ವಯರಿನ ತುದಿ ಸುಲಿಯುತ್ತಿದ್ದ.

"ಏನು ಬಾಯೆ, ಕನ್ನಡಿ ಒಡೆಯಿತಾ?"

"ಬೈಯುವುದಾದರೆ ಬೈಯಿರಿ ಆಂಟನಿ ಬಾಪ್ಪು. ಲೈನು ಮಾತ್ರ ಕೊಡಿ."

"ನಿಮ್ಮ ಮರದ ಮೇಲಿಂದ ಹಿಂದಿನ ಎರಡು ಮನೆಗೆ ಲೈನು ಹೋಗ್ತಿತ್ತು, ಗೊತ್ತುಂಟಾ? ನಿಮ್ಮದು ಬಿಚ್ಚಿದ ಮೇಲೆ ಅವರಿಗೆ ಊರು ಸುತ್ತಿ ಎಳೆದೆ. ನಿಮ್ಮ ವಯರು ಅಲ್ಲಿಗೇ ಮುಗಿಯಿತು." ಅವಳ ಮುಖ ನೋಡಿ ಅವನ ಸ್ವರ ಇಳಿಯಿತು. "ಮಂಗಳೂರಿನಿಂದ ಹೊಸ ಸುರುಳಿ ಬರಬೇಕು. ಬರುವ ವಾರ ನೋಡುವ. ಡೀನ್ ಹೇಗಿದ್ದಾನೆ?"

"ಇದ್ದಾರೆ" ಎಂದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ. ಇತ್ತೀಚೆಗೆ ಅವಳು ಗಂಡನಲ್ಲಿ ಆಡುತ್ತಿದ್ದದ್ದು ಒಂದೇ ಮಾತು: ಕೇಳ್ತದಾ, ಕೇಳ್ತದಾ.

ಆ ಸಂಜೆಯೂ ಮೊಬೈಲು ಹೂದಾನಿಗೆ ಒರಗಿತು. ಡೀನ್ ಒಮ್ಮೆ ಕೈಬೀಸಿದ, ಚಿತ್ರ ನಿಂತಿತು, ಆಮೇಲೆ ತೆರೆ ಕಪ್ಪಾಯಿತು. ಎಲಿಜಬೆತ್ ಬಾಯಿ ಓಟ ಹಿಡಿದರು. ಮೂರನೆಯ ಹತ್ತು ಬಂದಾಗ ಅತ್ತ ನೋಡದೆ, "ರಿಯೋನಾ, ನೀನು ಹೇಳು" ಎಂದರು.

"ಅದು ಪಪ್ಪನದ್ದು" ಎಂದಿತು ಮಗು.

"ಹೇಳು ಅಂದೆನಲ್ಲ."

ಮಗು ತಪ್ಪು ತಪ್ಪಾಗಿ ಹೇಳಿತು. ಲವೀನಾ ಉತ್ತರದ ಅರ್ಧವನ್ನು ಕಪ್ಪಾದ ತೆರೆಯನ್ನೇ ನೋಡುತ್ತ ಹೇಳಿದಳು.

ತೇರ್ಸು ಮುಗಿಯಿತು. ರಿಯೋನಾ ಅಜ್ಜಿಯ ಆಶೀರ್ವಾದ ಪಡೆದು ಓಡಿದಳು. ಲವೀನಾ ಗಂಜಿ ಬಿಸಿ ಮಾಡಲು ಒಳಗೆ ಹೋದಳು. ಎಲಿಜಬೆತ್ ಬಾಯಿ ಕುರ್ಚಿ ಹಿಡಿದು ಎದ್ದು, ಟಿ.ವಿ.ಯ ರಿಮೋಟಿಗೆ ಕೈಚಾಚಿದ್ದರು. ಆಗ ಪೀಠದಿಂದ ಸ್ವರ ಬಂತು.

ಡೀನ್‌ನ ಸ್ವರ. ಲೈನು ತಾನಾಗಿಯೇ ಕೂಡಿಕೊಂಡಿತ್ತು. ತೆರೆಯಲ್ಲಿ ಅವನ ಮುಖವಿತ್ತು, ಕಣ್ಣು ಮುಚ್ಚಿತ್ತು. ಹಿಂದೆ ಯಾರದೋ ಅಂಗಿಗಳು ಹಗ್ಗದಲ್ಲಿ ನೇತಾಡುತ್ತಿದ್ದವು. ಅವನು ತನ್ನ ಹತ್ತನ್ನು ಹೇಳುತ್ತಿದ್ದ. ತನ್ನ ಅರ್ಧ ಹೇಳಿ ಸುಮ್ಮನಾಗುತ್ತಿದ್ದ. ಉತ್ತರ ಹೇಳಲು ಮನೆಯವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಮತ್ತೆ ತನ್ನ ಅರ್ಧ. ಆ ಬಿಡುವು ಎಷ್ಟು ಚಿಕ್ಕದೆಂದರೆ, ಅದು ತಮ್ಮದೇ ಓಟದ ಅಳತೆಯದು ಎಂದು ಎಲಿಜಬೆತ್ ಬಾಯಿಗೆ ತಿಳಿಯಿತು. ಯಾರೂ ಕೇಳುತ್ತಿಲ್ಲವೆಂದು ಗೊತ್ತಿದ್ದೂ ಅವನು ಅಮ್ಮನಿಗೆ ಜಾಗ ಬಿಟ್ಟು ಹೇಳುತ್ತಿದ್ದ.

ಅವರು ಪೀಠದ ಹತ್ತಿರ ಹೋಗಿ, ನೋಯುವ ಮಂಡಿಯನ್ನು ನೆಲಕ್ಕೆ ಊರಿದರು. ಅವನ ಅರ್ಧ ಮುಗಿಯುತ್ತಲೇ ಇನ್ನರ್ಧ ಹೇಳಿದರು, ಗಟ್ಟಿಯಾಗಿ.

ಅದು ತಲುಪುವ ಮೊದಲೇ ಅವನು ಮುಂದಿನದನ್ನು ಶುರುಮಾಡಿದ್ದ. ನಡುವೆ ತಟ್ಟನೆ ನಿಂತ. ಕಣ್ಣು ತೆರೆದ. ತುಟಿ ಅಲುಗಿತು, ಸ್ವರ ಬರಲಿಲ್ಲ.

ಸೌಟು ಹಿಡಿದೇ ಬಾಗಿಲಿಗೆ ಬಂದ ಲವೀನಾ, "ಕೇಳ್ತದಾ?" ಎನ್ನಲು ಬಾಯಿ ತೆರೆದಳು. ಅತ್ತೆ ಕೈಯೆತ್ತಿ ತಡೆದರು.

"ಸುಮ್ಮನಿರು. ಅವನದ್ದು ಬರಲಿ."

ಕಾದರು. ಒಲೆಯ ಮೇಲೆ ಗಂಜಿ ಉಕ್ಕುವ ಸದ್ದಾಯಿತು, ಲವೀನಾ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಕುವೈತ್‌ನಿಂದ ಅರ್ಧ ಪ್ರಾರ್ಥನೆ ಬಂತು, ತುಸು ಒಡೆದ ಸ್ವರದಲ್ಲಿ. ಸ್ವರ ಕೇಳಿ ಓಡಿಬಂದ ರಿಯೋನಾಳೂ ಸೇರಿ ಮೂವರೂ ಇನ್ನರ್ಧ ಹೇಳಿ ಕಳಿಸಿದರು. ಮತ್ತೆ ಕಾದರು.