ಕುಂಕುಮ ಮುಟ್ಟಿದರೆ ಕೆಂಪು

ನಮ್ಮಪ್ಪ ಗುರುಸಂಗಪ್ಪ ಗಜೇಂದ್ರಗಡದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ನೆನೆಸಿ ನೋಡದೆ ಒಂದು ಸೀರೆಯನ್ನೂ ಕೊಂಡವನಲ್ಲ. ನೇಕಾರರು ಮಾಲು ತಂದರೆ ಸೆರಗಿನ ತುದಿಯನ್ನು ತಂಬಿಗೆ ನೀರಲ್ಲಿ ಅದ್ದಿ, ಅಂಗೈಯಲ್ಲಿ ತಿಕ್ಕಿ, ಬಣ್ಣ ಬಿಡುತ್ತದೋ ಇಲ್ಲವೋ ನೋಡಿದ ಮೇಲೆಯೇ ದರದ ಮಾತು. ಬೀಗರ ಮನೆಗೆ ಹೋದರೂ ಅವರ ಧೋತರದ ಅಂಚು ಹಿಡಿದು ತಿಕ್ಕುತ್ತಾನೆ ಎಂದು ಜನ ನಗುತ್ತಿದ್ದರು. ಅಂಥವನಿಗೆ ಮೋಸ ಮಾಡಿದವಳು ಅವನ ಸ್ವಂತ ಮಗಳು, ಈ ಶೇಖವ್ವ.

ತಮ್ಮ ಕಳಕಪ್ಪ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅವ್ವ ತೀರಿದಾಗ ಅವನಿಗೆ ಮೂರು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನು ಹತ್ತು ವರ್ಷದವನಿದ್ದಾಗ ಒಂದು ದಿನ ಅಪ್ಪ ಹಸಿರು ಸೀರೆ ಕೇಳಿದರೆ ಕೆಂಪು ತೆಗೆದುಕೊಟ್ಟು, ಗಿರಾಕಿಗಳ ಎದುರಿಗೇ ಕಪಾಳಕ್ಕೆ ಹೊಡೆಸಿಕೊಂಡ. ಹುಡುಗನಿಗೆ ಲಕ್ಷ್ಯವಿಲ್ಲ ಎಂದು ಅಪ್ಪನ ಸಿಟ್ಟು.

"ಅಕ್ಕಾ, ಖರೇನ ನನಗ ಎರಡೂ ಒಂದ ಕಾಣ್ತಾವ," ಎಂದು ಅವನು ಹಿತ್ತಲಲ್ಲಿ ನಿಂತು ಬಿಕ್ಕಿದ.

ಅಪ್ಪನಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ನನ್ನ ತಮ್ಮನಲ್ಲಿ ಕುಂದು ಇದೆ ಎಂದು ಊರು ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ಅಂಗಡಿಗೂ ಮನೆಗೂ ನಡುವೆ ಒಂದು ಹೊಸ್ತಿಲು. ನಾನು ಅಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದೆ. ಅವನು ಒಂದು ಸೀರೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡುತ್ತಿದ್ದ. ನಾನು ಹಣೆಯ ಕುಂಕುಮ ಮುಟ್ಟಿಕೊಂಡರೆ ಅದು ಕೆಂಪು, ಕೈಯ ಹಸಿರು ಬಳೆ ಮುಟ್ಟಿಕೊಂಡರೆ ಹಸಿರು. ಎಂಟು ವರ್ಷ ಹಾಗೇ ನಡೆಯಿತು. ಅಂಗಡಿಯಲ್ಲೇ ಕೂತಿದ್ದ ಅಪ್ಪನಿಗೆ ಗೊತ್ತಾಗಲಿಲ್ಲ.

ನಮ್ಮ ಊರಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ಕಳಕಪ್ಪ ಮ್ಯಾಟ್ರಿಕ್ ಪಾಸಾದವನೇ ವಿಮಾನ ನಡೆಸುವುದನ್ನು ಕಲಿಯುತ್ತೇನೆ ಎಂದು ಪಟ್ಟು ಹಿಡಿದ. ಚಿಕ್ಕಂದಿನಿಂದಲೂ ಮೋಡದಲ್ಲಿ ಗುಂಯ್ ಎಂದರೆ ಉಣ್ಣುವ ತಾಟು ಬಿಟ್ಟು ಓಡುತ್ತಿದ್ದವನು ಅವನು. "ಗುರುಸಂಗಪ್ಪನ ಮಗ ಇನ್ನ ಮ್ಯಾಲಿಂದನ ಸೀರಿ ಒಗೀತಾನ," ಎಂದು ಪೇಟೆಯವರು ಚಾಷ್ಟಿ ಮಾಡಿದರು. ಅಪ್ಪ ನಗಲಿಲ್ಲ. ಮುಂಬಯಿಯ ಒಂದು ವಿಮಾನ ಕ್ಲಬ್ಬಿಗೆ ಸಾಲಿ ಮಾಸ್ತರ ವಾಸುದೇವರಾಯರಿಂದ ಪತ್ರ ಬರೆಸಿದ. ಉತ್ತರ ಬಂತು: ಕೆಲಸ ಸಿಗುವ ದೊಡ್ಡ ಲೈಸೆನ್ಸಿಗೆ ಇನ್ನೂರು ತಾಸು ಹಾರಬೇಕು, ತಾಸಿಗೆ ಮೂವತ್ತು ರೂಪಾಯಿ, ಒಮ್ಮೆಗೇ ಕಟ್ಟಿದರೆ ರಿಯಾಯಿತಿ.

"ನೇದ ಸೀರಿಗೆ ರೊಕ್ಕ ಕೊಡ್ತೀನ್ರಿ ರಾಯರ, ಮಗ್ಗದ ಮ್ಯಾಲಿನ ಸೀರಿಗೆ ಕೊಡಂಗಿಲ್ಲ. ಹತ್ತು ತಾಸು ಹಾರ್ಲಿ, ಹತ್ತು ತಾಸಿನ ರೊಕ್ಕ ಕಳಸ್ತೀನಿ. ಸಾಲಂತೂ ಮಾಡಂಗಿಲ್ಲ. ಮುಶಿಗೇರಿ ಹೊಲ ಮಾರ್ತೀನಿ, ಅಂಗಡಿ ಮುಟ್ಟಂಗಿಲ್ಲ," ಎಂದ ಅಪ್ಪ.

ರಾಯರು ಮೆಚ್ಚಿ ತಲೆಯಾಡಿಸಿದರು. "ಭಾಳ ಚಲೋ ವಿಚಾರ. ಆದ್ರ ಹೊಲ ಮಾರೂಕಿಂತ ಮೊದಲ ಹುಡುಗನ ಕಣ್ಣು, ಕಿವಿ, ಎದಿ ತಪಾಸ ಮಾಡಸ್ರಿ. ಒಂದರಾಗ ಫೇಲಾದ್ರ ಎಲ್ಲಾ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಗ್ತದ ನೋಡ್ರಿ."

ನೆನೆಸಿ ನೋಡುವವನಿಗೆ ಆ ಮಾತು ಹಿಡಿಸದೆ ಇರುತ್ತದೆಯೇ? ಮರುದಿನವೇ ಮಗನನ್ನು ಕರೆದುಕೊಂಡು ರೋಣದ ಡಾಕ್ಟರ ಹತ್ತಿರ ಹೊರಟ. ಕಳಕಪ್ಪ ನನ್ನನ್ನೂ ಕರೆದ. ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಾಕ್ಟರು ಪಾಪ, ಒಳ್ಳೆಯ ಮನುಷ್ಯ. ಎದೆ ನೋಡಿದರು, ಕಿವಿಯ ಹತ್ತಿರ ಗಡಿಯಾರ ಹಿಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎಲ್ಲ ಸರಿ. ಕೊನೆಗೆ ಡ್ರಾಯರಿನಿಂದ ಬಣ್ಣಬಣ್ಣದ ಉಲ್ಲನ್ ದಾರ ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟು, ಯಾವ ಬಣ್ಣ ಎಂದು ಕೇಳಿದರು. ಕಳಕಪ್ಪ, ಅಪ್ಪನ ಬೆನ್ನ ಹಿಂದೆ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದ.

ಕೈ ತಾನಾಗಿ ಹೋಯಿತು ಎಂದರೆ ಸುಳ್ಳಾದೀತು. ನಾನೇ ಮುಟ್ಟಿಕೊಂಡೆ. ಕುಂಕುಮ, ಬಳೆ, ಬಳೆ, ಕುಂಕುಮ. ಆಕಾಶದಲ್ಲಿ ಕೆಂಪೆಲ್ಲಿದೆ, ಹಸಿರೆಲ್ಲಿದೆ? ಅಲ್ಲಿರುವುದು ನೀಲಿ, ಬಿಳಿ. ಎರಡೂ ನನ್ನ ತಮ್ಮನಿಗೆ ಚೆನ್ನಾಗಿ ಕಾಣುತ್ತವೆ. ಅಷ್ಟೇ ನನ್ನ ಬುದ್ಧಿ. ಡಾಕ್ಟರು ನಗುತ್ತ ಕಾಗದ ಬರೆದುಕೊಟ್ಟರು. ಅಪ್ಪ ಅದನ್ನು ಎರಡು ಸಲ ಓದಿ ಒಳಜೇಬಿನಲ್ಲಿಟ್ಟುಕೊಂಡ. ಬಸ್ಸಿನಲ್ಲಿ ಕಳಕಪ್ಪ ಊರು ಬರುವ ತನಕ ನನ್ನ ಕೈ ಹಿಡಿದುಕೊಂಡೇ ಕೂತಿದ್ದ.

ಮುಶಿಗೇರಿಯ ಎಂಟು ಎಕರೆ ಹೋಯಿತು. ಕಲಿಯಲು ಸೇರುವಾಗ ಆ ಕಾಗದವೇ ಸಾಕಾಯಿತು. ಹತ್ತು ತಾಸಿಗೊಮ್ಮೆ ಕ್ಲಬ್ಬಿನ ರಸೀದಿ ಬರುತ್ತಿತ್ತು, ಅಪ್ಪ ಮನಿಯಾರ್ಡರ್ ಮಾಡುತ್ತಿದ್ದ. "ಅಕ್ಕಾ, ಇವತ್ತು ಒಬ್ಬನೇ ಹಾರಿದೆ" ಎಂದು ಪತ್ರ ಬಂದ ದಿನ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಅಪ್ಪ ಅಂಗಡಿಯ ಮುಂದೆ ನಿಂತು, ಏನೂ ಇಲ್ಲದ ಆಕಾಶವನ್ನು ಬಹಳ ಹೊತ್ತು ನೋಡಿದ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಳಕಪ್ಪ ಟ್ರಂಕು ಹೊತ್ತು ಬಂದು ನಿಂತ. "ಕಣ್ಣಾಗ ಫೇಲಾದೆ," ಎಂದು ಅಪ್ಪನಿಗೆ ಹೇಳಿ ಹಿತ್ತಲಿಗೆ ಬಂದ. ಅಲ್ಲಿ ಉಳಿದದ್ದನ್ನು ನನಗೆ ಹೇಳಿದ.

"ಇಳಿಯೂ ಮುಂದ ಕೆಳಗಿಂದ ದೀಪ ತೋರಸ್ತಾರ ಅಕ್ಕಾ. ಹಸರಾದ್ರ ಇಳಿ, ಕೆಂಪಾದ್ರ ತಡಿ. ಇಷ್ಟ ದಿವಸ ಮುಂದಿನವರು ಇಳದದ್ದ ನೋಡಿ ಇಳೀತಿದ್ದೆ. ಅವತ್ತ ಮುಂದ ಯಾರೂ ಇರ್ಲಿಲ್ಲ. ಹಸರಂತ ಇಳದೆ. ಕೆಳಗ ಇನ್ನೊಂದ ವಿಮಾನ ನಿಂತಿತ್ತು, ಅದರಾಗ ನನ್ನಂಥಾವನ ಒಬ್ಬ ಹುಡುಗ ಕುಂತಿದ್ದ. ಅವನ ತಲಿ ಮ್ಯಾಲೆ ಮೊಳದಷ್ಟ ಜಾಗಾ ಉಳದಿತ್ತಂತ."

ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ.

"ಆಮ್ಯಾಲೆ ದೊಡ್ಡ ಡಾಕ್ಟರು ಒಂದ ಪುಸ್ತಕ ತೋರಿಸಿದ್ರು. ಬರೇ ಚುಕ್ಕಿ. ಅದರಾಗ ಅಂಕಿ ಇರ್ತಾವಂತ, ನನಗ ಒಂದೂ ಕಾಣ್ಲಿಲ್ಲ. ಬಾಗಲ ಕಡೆ ನೋಡಿದೆ ಅಕ್ಕಾ. ನೀ ಇರ್ಲಿಲ್ಲ."

ಅವನು ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಅಪ್ಪನ ಸಿಟ್ಟೆಲ್ಲ ರೋಣದ ಡಾಕ್ಟರ ಮೇಲೆ ತಿರುಗಿತು. "ಅವನ ಕಾಗದ ನಂಬಿ ಹೊಲ ಮಾರಿದೆ," ಎಂದು ಪೇಟೆಯಲ್ಲೆಲ್ಲ ಕೂಗಾಡಿದ. ಎರಡು ಸಲ ರೋಣಕ್ಕೆ ಹೋಗಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದು ಬಂದ. ನಾನು ಬಾಯಿ ಬಿಡಲಿಲ್ಲ. ಎಲ್ಲರ ಮೇಲೂ ಹರಿಹಾಯುವ ನನ್ನ ನಾಲಿಗೆ ಆ ಹದಿನೈದು ದಿನ ಎಲ್ಲಿ ಸತ್ತಿತ್ತೋ.

ಮೂರನೆಯ ಸಲ ರೋಣಕ್ಕೆ ಹೊರಟು ಅಪ್ಪ ರುಮಾಲು ಸುತ್ತಿಕೊಳ್ಳುತ್ತಿದ್ದ. ಕಳಕಪ್ಪ ಮತ್ತೆ ಗಾದಿಯ ಮೇಲೆ ಕೂತಿದ್ದ, ನಾನು ಹೊಸ್ತಿಲ ಹತ್ತಿರ. ಹಿಂದಿನ ಓಣಿಯ ಮಾಬೂಬಿ ಬಂದು, "ಮಗಳಿಗೆ ಒಂದ ಹಸರ ಸೀರಿ ತಗಿಯಪಾ," ಎಂದಳು. ಕಳಕಪ್ಪ ಒಂದು ಸೀರೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದ. ಈ ಸಲ ಖರೇನೇ ನನ್ನ ಕೈ ತಾನಾಗಿ ಬಳೆಗೆ ಹೋಯಿತು.

ಅಪ್ಪ ನೋಡಿಬಿಟ್ಟ. ಮೊದಲು ಅವನನ್ನು, ಆಮೇಲೆ ನನ್ನನ್ನು, ನನ್ನ ಬೆರಳನ್ನು.

"ಶೇಖವ್ವಾ, ಡಾಕ್ಟರ ಮುಂದೂ ಹಿಂಗ ಮಾಡಿದ್ಯಾ?"

ನಾನು ತಲೆ ತಗ್ಗಿಸಿದೆ. ಅಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

"ದೇವರಂಥಾ ಮನಷ್ಯಾಗ ಊರತುಂಬ ಬೈದ್ನಲ್ಲವ್ವಾ," ಎಂದ. ಹೊಲದ ಮಾತು ಎತ್ತಲೇ ಇಲ್ಲ.

"ಯಾವ್ದಪಾ ಹಸರ?" ಎಂದು ಮಾಬೂಬಿ ಅವಸರ ಮಾಡಿದಳು. ಕಳಕಪ್ಪ ಕೈ ಹಿಂದಕ್ಕೆ ತೆಗೆದ. ಇಡೀ ರಾಶಿಯನ್ನು ಎತ್ತಿ ಅವಳ ಮುಂದಿಟ್ಟ.

"ಯವ್ವಾ, ನನಗ ಕೆಂಪು ಹಸರ ತಿಳಿಯಂಗಿಲ್ಲ. ಹುಟ್ಟಿದಾಗಿಂದನೂ ಹಂಗ. ನೀವ ನೋಡಿ ತಗೋರಿ."

ಚಾಷ್ಟಿ ಎಂದುಕೊಂಡು ಅವಳು ನಕ್ಕಳು. ಅವನ ಮುಖ ನೋಡಿದ ಮೇಲೆ ತಾನೇ ಕೂತು ಆರಿಸತೊಡಗಿದಳು. ಕಳಕಪ್ಪ ಒಂದೊಂದೇ ಸೀರೆ ಬಿಚ್ಚಿ ತೋರಿಸುತ್ತಿದ್ದ. ಅವತ್ತಾಗಲಿ, ಆಮೇಲೆ ಯಾವತ್ತಾಗಲಿ, ಅವನು ಹೊಸ್ತಿಲ ಕಡೆ ತಿರುಗಿ ನೋಡಲಿಲ್ಲ. ನನ್ನ ಬೆರಳು ಇನ್ನೂ ಬಳೆಯ ಮೇಲೆಯೇ ಇತ್ತು.